ಟೊಯೋಟಾ 86 ಕಾರಿಗೆ ಹೊಸ ರಿಮ್, ಟೈರ್ ಮತ್ತು ತಗ್ಗಿಸಿದ ಸಸ್ಪೆನ್ಶನ್: ಅಳತೆಯಿಂದ ಅಲೈನ್‌ಮೆಂಟ್‌ವರೆಗೆ

ಟೊಯೋಟಾ ಮತ್ತು ಸುಬಾರು ಸೇರಿ ರೂಪಿಸಿ 2012ರಲ್ಲಿ ಮಾರುಕಟ್ಟೆಗೆ ತಂದ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಹಲವು ಹೆಸರುಗಳಿವೆ. ಟೊಯೋಟಾ 86, ಸುಬಾರು ಬಿಆರ್‌ಝಡ್, ಅಮೆರಿಕದಲ್ಲಿ ಮೊದಲ ಕೆಲವು ವರ್ಷ ಸಯಾನ್ ಎಫ್‌ಆರ್-ಎಸ್, ಹೀಗೆ ಹೆಸರು ಯಾವುದಿದ್ದರೂ ಮುಂಭಾಗದಲ್ಲಿ ಎರಡು ಲೀಟರ್‌ನ ಬಾಕ್ಸರ್ ಎಂಜಿನ್, ಹಿಂಚಕ್ರಗಳಿಗೆ ಚಾಲನೆ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿರುವ ಜೋಡಣೆ), ಹಿಂದೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿದಿರುವ ಜೋಡಣೆ) ಎಂಬ ವಿನ್ಯಾಸ ಒಂದೇ. ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗದ ಈ ಕಾರು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಧಾರಾಳವಾಗಿ ದೊರೆಯುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕಾರಿನ ಹುಚ್ಚಿರುವವರು ಇದನ್ನು ಕೊಂಡ ಬಳಿಕ ಮೊದಲು ಕೈಹಾಕುವುದು ಸಾಮಾನ್ಯವಾಗಿ ಚಕ್ರಕ್ಕೆ ಮತ್ತು ಎತ್ತರಕ್ಕೆ. ಈ ಲೇಖನದ ಅಂಕಿಗಳು ಮೊದಲ ತಲೆಮಾರಿನ ಕಾರಿಗೆ ಸಂಬಂಧಿಸಿದವು. ಅಳೆಯುವ ಮತ್ತು ಜೋಡಿಸುವ ಕ್ರಮವನ್ನು ಬೇರೆ ಕಾರುಗಳಿಗೂ ಅನ್ವಯಿಸಬಹುದು, ಆದರೆ ಅಂಕಿಗಳನ್ನು ಅನ್ವಯಿಸಬಾರದು.

ಹೆಚ್ಚಿನವರು ಈ ಕೆಲಸವನ್ನು ಹಿಂದುಮುಂದಾಗಿ ಮಾಡುತ್ತಾರೆ. ಮೊದಲು ಕಾರನ್ನು ಇಳಿಸುತ್ತಾರೆ, ಆಮೇಲೆ ಕಣ್ಣಿಗೆ ಹಿಡಿಸಿದ ರಿಮ್ ಕೊಳ್ಳುತ್ತಾರೆ, ಕೊನೆಗೆ ಅದಕ್ಕೆ ಕೂರುವ ಟೈರ್ ಹುಡುಕುತ್ತಾರೆ. ಟೈರ್ ಚಕ್ರದ ಮೇಲಿನ ತಗಡಿಗೆ, ಅಂದರೆ ಫೆಂಡರಿಗೆ, ಉಜ್ಜತೊಡಗಿದಾಗ ಫೆಂಡರನ್ನೇ ಬಡಿದು ಮಡಚುವ ಯೋಚನೆ ಬರುತ್ತದೆ. ಯಾವ ಟೈರ್ ಬೇಕೆಂಬುದನ್ನು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕ ರಿಮ್ ಆರಿಸಿ, ಆ ಚಕ್ರ ಗೂಡಿನೊಳಗೆ ಏನನ್ನೂ ಮುಟ್ಟದೆ ಮೇಲೆ ಕೆಳಗೆ ಆಡಲು ಎಷ್ಟು ಜಾಗವಿದೆ ಎಂದು ನೋಡಿದ ಮೇಲೆಯೇ ಎತ್ತರ ತಗ್ಗಿಸುವ ಮಾತು ಬರಬೇಕು.

ಕೊಳ್ಳುವ ಮೊದಲು ಅಳೆಯಿರಿ

ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಟೈರ್‌ಗಳಲ್ಲಿ ಸರಿಯಾದ ಗಾಳಿ ತುಂಬಿಸಿ, ಡಿಕ್ಕಿಯಲ್ಲಿರುವ ಭಾರವನ್ನು ಇಳಿಸಿ. ನಾಲ್ಕೂ ಮೂಲೆಗಳಲ್ಲಿ ಹಬ್, ಅಂದರೆ ಚಕ್ರವನ್ನು ಬಿಗಿಯುವ ನಡುಭಾಗ, ಅದರ ನಡುಬಿಂದುವಿನಿಂದ ನೇರ ಮೇಲೆ ಫೆಂಡರಿನ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರ್ ಬದಲಾದ ಕೂಡಲೇ ಆ ಅಳತೆ ನಿರುಪಯುಕ್ತವಾಗುತ್ತದೆ, ಹಬ್ಬಿನಿಂದ ಅಳೆದದ್ದು ಮಾತ್ರ ಸಸ್ಪೆನ್ಶನ್ ನಿಜಕ್ಕೂ ಎಷ್ಟು ಇಳಿಯಿತೆಂಬುದನ್ನು ಹೇಳುತ್ತದೆ. ಅನಂತರ ಫೆಂಡರಿನ ಅಂಚಿನಿಂದ ಗಾರೆ ಕೆಲಸದವರ ತೂಗುಗುಂಡನ್ನು ಇಳಿಬಿಟ್ಟು, ದಾರಕ್ಕೂ ಟೈರಿನ ಹೊರಮೈಗೂ ನಡುವೆ ಎಷ್ಟು ಮಿಲಿಮೀಟರ್ ಇದೆ ಎಂದು ನೋಡಿ. ಒಳಭಾಗದಲ್ಲಿ ಟೈರಿಗೂ ಮುಂದಿನ ಸ್ಟ್ರಟ್‌ಗೂ ನಡುವಿನ ಸಂದನ್ನು ಅಳೆಯಿರಿ. ಮುಂದಿನ ಎಲ್ಲ ಲೆಕ್ಕಗಳಿಗೂ ಈ ಮೂರು ಅಳತೆಗಳೇ ಆಧಾರ.

ಟೈರ್

ಕಾರ್ಖಾನೆಯ ಟೈರ್ 215/45 ಆರ್17, ಅಂದರೆ ಅಗಲ 215 ಮಿ.ಮೀ., ಪಕ್ಕಗೋಡೆಯ ಎತ್ತರ ಆ ಅಗಲದ ಶೇಕಡ 45, ರಿಮ್ಮಿನ ವ್ಯಾಸ 17 ಇಂಚು. ಇದರ ವ್ಯಾಸ ಸುಮಾರು 625 ಮಿ.ಮೀ., ಲೋಡ್ ಇಂಡೆಕ್ಸ್ 87, ಅಂದರೆ ಒಂದು ಟೈರ್ ಹೊರಬಲ್ಲ ಭಾರ 545 ಕೆ.ಜಿ. ಹೊಸ ಟೈರ್ ಇದಕ್ಕಿಂತ ಕಡಿಮೆ ಇಂಡೆಕ್ಸಿನದಾಗಿರಬಾರದು, ವ್ಯಾಸದಲ್ಲಿ ಹೆಚ್ಚು ದೂರ ಹೋಗಲೂಬಾರದು. 225/45 ಆರ್17 ಹಾಕಿದರೆ ವ್ಯಾಸ 634 ಮಿ.ಮೀ. ಆಗುತ್ತದೆ, ಹೆಚ್ಚಳ ಶೇಕಡ 1.4. 245/40 ಆರ್17 ಅಗಲದಲ್ಲಿ ದೊಡ್ಡದಾದರೂ ವ್ಯಾಸ 628 ಮಿ.ಮೀ. ಮಾತ್ರ. 18 ಇಂಚಿನ ರಿಮ್ ಬೇಕೆನ್ನುವವರಿಗೆ 225/40 ಆರ್18 ಇದೆ, ವ್ಯಾಸ 637 ಮಿ.ಮೀ. ಆದರೆ 235/40 ಆರ್18ಕ್ಕೆ ಹೋದರೆ 645 ಮಿ.ಮೀ. ಆಗಿ, ಸ್ಪೀಡೋಮೀಟರ್ ಶೇಕಡ 3ರಷ್ಟು ಕಡಿಮೆ ತೋರಿಸತೊಡಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತಗ್ಗಿಸಬೇಕೆಂದಿರುವ ಕಾರಿನ ಗೂಡಿನಲ್ಲಿ ಹತ್ತು ಮಿಲಿಮೀಟರ್ ಜಾಗವನ್ನು ಆ ಟೈರೇ ನುಂಗಿಹಾಕುತ್ತದೆ.

ದಿನನಿತ್ಯ ಓಡಿಸುವ ಕಾರಿಗೆ ನನ್ನ ಆಯ್ಕೆ 225/45 ಆರ್17. ದೊಡ್ಡ ರಿಮ್ಮಿನ ಸೊಗಸು ನಿಂತ ಕಾರಿಗೆ, ಓಡುವ ಕಾರಿಗೆ ಅದು ಹೆಚ್ಚಿನ ತೂಕ ಮತ್ತು ತೆಳು ಪಕ್ಕಗೋಡೆ. ಗುಂಡಿಗೆ ಬಿದ್ದಾಗ ರಿಮ್ಮನ್ನು ಕಾಪಾಡುವುದು ಆ ಪಕ್ಕಗೋಡೆಯೇ. ಇನ್ನು ರಬ್ಬರಿನ ಬಗೆ. ಬೇಸಗೆ ಟೈರ್ ಎಂದು ಮಾರುವ ಮೃದು ಹಿಡಿತದ ಟೈರ್‌ಗಳು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತವೆ. ಮಿನೆಸೋಟ, ಟೊರೊಂಟೊ ಕಡೆಯ ಓದುಗರು ಚಳಿಗಾಲಕ್ಕೆ ಹಳೆಯ 17 ಇಂಚಿನ ರಿಮ್‌ಗಳಿಗೇ ಚಳಿ ಟೈರ್ ಹಾಕಿಸಿ ಎರಡನೆಯ ಸೆಟ್ಟಾಗಿ ಇಟ್ಟುಕೊಳ್ಳುವುದು ಲೇಸು. ಟೈರ್ ಕೊಳ್ಳುವಾಗ ಪಕ್ಕಗೋಡೆಯ ಮೇಲಿನ ನಾಲ್ಕಂಕಿಯ ತಯಾರಿಕೆ ಸಂಖ್ಯೆಯನ್ನು ಓದಿ. 2324 ಎಂದಿದ್ದರೆ ಅದು 2024ರ 23ನೆಯ ವಾರದ್ದು. ರಿಯಾಯಿತಿ ಬೆಲೆಯ ಟೈರ್‌ಗಳಲ್ಲಿ ಈ ಸಂಖ್ಯೆ ಕೆಲವೊಮ್ಮೆ ಬಹಳ ಹಿಂದಿನದಾಗಿರುತ್ತದೆ.

ರಿಮ್

ರಿಮ್ ಆರಿಸುವಾಗ ಐದು ಸಂಗತಿಗಳು ಹೊಂದಬೇಕು: ಬೋಲ್ಟ್ ವೃತ್ತ, ನಡುರಂಧ್ರ, ಅಗಲ, ಆಫ್‌ಸೆಟ್, ನಟ್ಟಿನ ಕೂರುವ ಬಗೆ. ಈ ಕಾರಿನ ಬೋಲ್ಟ್ ವೃತ್ತ 5×100, ಅಂದರೆ 100 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ಬೋಲ್ಟ್. ಇದಕ್ಕೆ 5×114.3ರ ರಿಮ್ ಕೂರುವುದೇ ಇಲ್ಲವಾದ್ದರಿಂದ ಅಲ್ಲಿ ಮೋಸ ಹೋಗುವ ಭಯವಿಲ್ಲ. ಹಬ್ಬಿನ ವ್ಯಾಸ 56.1 ಮಿ.ಮೀ., ಹೊರಗಿನ ತಯಾರಕರ ರಿಮ್‌ಗಳಲ್ಲಿ ಅನೇಕವು 73.1 ಮಿ.ಮೀ. ನಡುರಂಧ್ರದೊಂದಿಗೆ ಬರುತ್ತವೆ. ಈ ಅಂತರವನ್ನು ತುಂಬುವ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಮ್ ಬಳೆಗಳನ್ನು ಹಬ್ ರಿಂಗ್ ಎನ್ನುತ್ತಾರೆ. ನಟ್ ಬಿಗಿಯುವಾಗ ರಿಮ್ ನಡುವಿಗೆ ಸರಿಯಾಗಿ ಕೂರಲು ಇವು ನೆರವಾಗುತ್ತವೆ. ಇವಿಲ್ಲದಿದ್ದರೆ ಹೆದ್ದಾರಿಯ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು. ಅದನ್ನು ಬ್ಯಾಲೆನ್ಸಿಂಗ್ ದೋಷವೆಂದು ತಿಳಿದು ಮತ್ತೆ ಮತ್ತೆ ಟೈರ್ ಅಂಗಡಿಗೆ ಅಲೆಯುವವರಿದ್ದಾರೆ.

ಅಗಲ ಮತ್ತು ಆಫ್‌ಸೆಟ್‌ಗಳ ಲೆಕ್ಕವನ್ನು ಕಾಗದದ ಮೇಲೆ ಮಾಡಲೇಬೇಕು. ಆಫ್‌ಸೆಟ್ ಎಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ಅಂಟಿಕೊಳ್ಳುವ ಮುಖ ಎಷ್ಟು ಹೊರಗಿದೆ ಎಂಬ ಅಳತೆ. ಕಾರ್ಖಾನೆಯ ರಿಮ್ 7 ಇಂಚು ಅಗಲ, ಆಫ್‌ಸೆಟ್ +48. ಅಗಲದ ಅರ್ಧ 88.9 ಮಿ.ಮೀ., ಅದರಿಂದ 48 ಕಳೆದರೆ ಹಬ್ ಮುಖದಿಂದ ಹೊರಗೆ ಚಾಚುವುದು 40.9, ಕೂಡಿಸಿದರೆ ಒಳಗೆ ಚಾಚುವುದು 136.9. ಈಗ 8 ಇಂಚು ಅಗಲದ, +45 ಆಫ್‌ಸೆಟ್‌ನ ರಿಮ್ ತೆಗೆದುಕೊಳ್ಳಿ. ಅರ್ಧ 101.6, ಹೊರಗೆ 56.6, ಒಳಗೆ 146.6. ಅಂದರೆ ಹಳೆಯದಕ್ಕಿಂತ ಹೊರಗೆ ಸುಮಾರು 16 ಮಿ.ಮೀ., ಒಳಗೆ ಸುಮಾರು 10 ಮಿ.ಮೀ. ಹೆಚ್ಚು. 9 ಇಂಚು, +45 ಆದರೆ ಹೊರಗೆ 28, ಒಳಗೆ 22 ಮಿ.ಮೀ. ಹೆಚ್ಚುತ್ತದೆ. ತೂಗುಗುಂಡಿನ ಅಳತೆ ಮತ್ತು ಸ್ಟ್ರಟ್ ಬಳಿಯ ಅಳತೆಯನ್ನು ಈ ಸಂಖ್ಯೆಗಳ ಪಕ್ಕದಲ್ಲಿಟ್ಟರೆ ಯಾವುದು ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂಬುದಕ್ಕೆ ಇನ್ನೊಬ್ಬರ ಅಭಿಪ್ರಾಯ ಕೇಳುವ ಅಗತ್ಯವಿರುವುದಿಲ್ಲ. ಆದರೆ ಟೈರಿನ ಉಬ್ಬು ರಿಮ್ಮಿನ ಅಂಚಿಗಿಂತ ತುಸು ಹೊರಗಿರುತ್ತದೆ, ಹೀಗಾಗಿ ಎರಡೂ ಕಡೆ ಐದಾರು ಮಿಲಿಮೀಟರ್ ಉಳಿಯುವಂತೆ ನೋಡಿಕೊಳ್ಳಬೇಕು.

ನಟ್‌ಗಳ ವಿಷಯವನ್ನು ಕೊಂಚ ಬಿಡಿಸಿ ಹೇಳಬೇಕು, ಏಕೆಂದರೆ ಹಾನಿ ಹೆಚ್ಚಾಗಿ ಇಲ್ಲೇ ಆಗುವುದು. ಟೊಯೋಟಾದ ಬಹುತೇಕ ಕಾರುಗಳ ಸ್ಟಡ್ (ಹಬ್ಬಿನಿಂದ ಹೊರಚಾಚಿ ನಟ್ ಕೂರುವ ಬೋಲ್ಟ್) ಎಂ12×1.5, ಅಂದರೆ 12 ಮಿ.ಮೀ. ದಪ್ಪ, ಥ್ರೆಡ್‌ನ ಒಂದು ಸುತ್ತಿಗೆ 1.5 ಮಿ.ಮೀ. ಈ ಕಾರಿನ ಮೇಲೆ ಟೊಯೋಟಾ ಲಾಂಛನವಿದ್ದರೂ ಅಡಿಪಾಯ ಸುಬಾರುವಿನದಾದ್ದರಿಂದ ಸ್ಟಡ್ ಎಂ12×1.25. ಅಂಗಡಿಯವರು ಲಾಂಛನ ನೋಡಿ 1.5ರ ನಟ್ ಕೊಟ್ಟರೆ ಅದು ಕೈಯಲ್ಲಿ ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲಿ ನಟ್ ಬಿಗಿಯುವ ಯಂತ್ರವಾದ ಇಂಪ್ಯಾಕ್ಟ್ ಗನ್ ಹಿಡಿದು ಒತ್ತಿದರೆ ಥ್ರೆಡ್ ಹೋಯಿತೆಂದೇ ತಿಳಿಯಿರಿ. ಹೊಸ ನಟ್ಟನ್ನು ರಿಮ್ ಇಲ್ಲದೆ ಬರೀ ಸ್ಟಡ್‌ಗೆ ಬೆರಳಿನಿಂದಲೇ ತಿರುಗಿಸಿ ನೋಡಿ, ಅದು ತುದಿಯಿಂದ ಬುಡದವರೆಗೆ ಸಲೀಸಾಗಿ ಹೋಗಬೇಕು. ರಿಮ್ ಹಾಕಿದ ಮೇಲೆ ಕನಿಷ್ಠ 12 ಮಿ.ಮೀ. ಥ್ರೆಡ್ ಹಿಡಿದಿರಬೇಕು, ಅಂದರೆ ಒಂಬತ್ತೂವರೆ ಸುತ್ತಿಗೆ ಕಡಿಮೆಯಾಗಬಾರದು. ನಟ್ ಕೂರುವ ಜಾಗ ಸಾಮಾನ್ಯವಾಗಿ 60 ಡಿಗ್ರಿಯ ಶಂಕುವಿನಾಕಾರದ್ದು, ದುಂಡು ತಳದ ನಟ್ಟನ್ನು ಅಲ್ಲಿ ಬಳಸಬಾರದು.

ಗುಣಮಟ್ಟಕ್ಕೆ ಸಂಬಂಧಿಸಿದಂತೆ ರಿಮ್ಮಿನ ಕಡ್ಡಿಗಳ ಹಿಂಬದಿಯಲ್ಲಿ ಜಪಾನಿನ ಜೆಡಬ್ಲ್ಯುಎಲ್, ವಿಐಎ ಎಂಬ ಗುರುತುಗಳಿವೆಯೇ ಎಂದು ನೋಡಿ. ಮೊದಲನೆಯದು ತಯಾರಕರು ತಾವೇ ಮಾಡುವ ಘೋಷಣೆ, ಎರಡನೆಯದು ಹೊರಗಿನ ಪರೀಕ್ಷೆಯ ಗುರುತು. ರೂಪ ಕದ್ದು ಅಗ್ಗಕ್ಕೆ ಮಾರುವ ನಕಲಿ ರಿಮ್‌ಗಳು ಭಾರವಾಗಿರುವುದಷ್ಟೇ ಅಲ್ಲ, ಗುಂಡಿಯ ಹೊಡೆತಕ್ಕೆ ಬಿರುಕು ಬಿಡುವ ಅಪಾಯವೂ ಅವುಗಳಲ್ಲಿ ಹೆಚ್ಚು.

ಎಷ್ಟು ಇಳಿಸಬೇಕು

ಇಳಿಸಿದಷ್ಟೂ ಕಾರು ತಿರುವಿನಲ್ಲಿ ಚೆನ್ನಾಗಿ ನಿಲ್ಲುತ್ತದೆ ಎಂಬ ನಂಬಿಕೆ ಅರ್ಧ ನಿಜ. ಗುರುತ್ವ ಕೇಂದ್ರ ಕೆಳಗಿಳಿಯುವುದು ಸರಿಯೇ. ಆದರೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಮುಂಭಾಗದಲ್ಲಿ ಕಾರು ತಗ್ಗಿದಂತೆ ಕೆಳಗಿನ ತೋಳಿನ ಹೊರತುದಿ ಮೇಲಕ್ಕೆ ಹೋಗಿ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಾದಂತೆ ವಾಲಿಸುವ ಬಲವೂ ಹೆಚ್ಚುತ್ತದೆ. ಗಟ್ಟಿ ಸ್ಪ್ರಿಂಗ್ ಅದನ್ನು ಮರೆಮಾಚುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಜೊತೆಗೆ ಇಳಿಸಿದಷ್ಟೂ ಮೇಲ್ಮುಖ ಚಲನೆ ಕಡಿಮೆಯಾಗಿ, ಸಣ್ಣ ಉಬ್ಬಿನಲ್ಲೂ ಸಸ್ಪೆನ್ಶನ್ ಬಂಪ್ ಸ್ಟಾಪ್‌ಗೆ, ಅಂದರೆ ಚಲನೆಯ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಹೋಗಿ ಬಡಿಯುತ್ತದೆ. ತಿರುವಿನ ನಡುವೆ ಹೀಗಾದರೆ ಆ ಮೂಲೆಯ ಹಿಡಿತ ಒಮ್ಮೆಲೇ ತಪ್ಪುತ್ತದೆ. ರಸ್ತೆಯ ಕಾರಿಗೆ 20ರಿಂದ 25 ಮಿ.ಮೀ. ಸಾಕು ಎಂಬುದು ನನ್ನ ಅಭಿಪ್ರಾಯ. ನೋಟಕ್ಕಾಗಿ ಇನ್ನೂ ಇಳಿಸುವವರನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಅದನ್ನು ನೋಟವೆಂದೇ ಒಪ್ಪಿಕೊಳ್ಳಬೇಕು, ಹ್ಯಾಂಡ್ಲಿಂಗ್ ಎಂದು ಹೆಸರಿಡಬಾರದು.

ಇಷ್ಟು ಇಳಿಸಲು ಎರಡು ದಾರಿಗಳಿವೆ. ಹಳೆಯ ಶಾಕ್ ಅಬ್ಸಾರ್ಬರ್‌ಗಳು ಎಣ್ಣೆ ಸೋರದೆ ಚೆನ್ನಾಗಿದ್ದರೆ ಗಿಡ್ಡ ಸ್ಪ್ರಿಂಗ್‌ಗಳನ್ನಷ್ಟೇ ಬದಲಿಸಬಹುದು. ಕಾರು ಹೆಚ್ಚು ಓಡಿದ್ದರೆ, ಇಲ್ಲವೇ ಎತ್ತರವನ್ನು ನೀವೇ ಹೊಂದಿಸಿಕೊಳ್ಳಬೇಕೆಂದಿದ್ದರೆ, ಕಾಯ್ಲೋವರ್ ಸೆಟ್, ಅಂದರೆ ಎತ್ತರ ಹೊಂದಿಸಬಲ್ಲ ಸ್ಪ್ರಿಂಗ್ ಮತ್ತು ಶಾಕ್‌ಗಳ ಜೋಡಿ, ತೆಗೆದುಕೊಳ್ಳುವುದು ಸರಿ. ಕೆಳಗಿನ ಬ್ರಾಕೆಟ್ ತಿರುಗಿಸಿ ಎತ್ತರ ಬದಲಿಸುವ ಕಾಯ್ಲೋವರ್‌ಗಳಲ್ಲಿ ಶಾಕ್‌ನ ಚಲನೆ ಕುಗ್ಗದೆ ಎತ್ತರ ಇಳಿಯುತ್ತದೆ. ಅಂಥದ್ದರಲ್ಲಿ ಸ್ಪ್ರಿಂಗಿನ ಕೆಳಗಿನ ಬಳೆಯನ್ನು ತಿರುಗಿಸಿ ಎತ್ತರ ಹೊಂದಿಸಲು ಹೋಗಬಾರದು. ಇರುವ ಸ್ಪ್ರಿಂಗ್‌ಗಳನ್ನೇ ಕತ್ತರಿಸುವ ಮೂರನೆಯ ದಾರಿಯನ್ನು ಯಾರಾದರೂ ಸೂಚಿಸಿದರೆ ಕೈಮುಗಿದು ಬನ್ನಿ.

ಕಾನೂನಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಇಂಥ ಬದಲಾವಣೆಗಳನ್ನು ವಿಮಾ ಕಂಪನಿಗೆ ತಿಳಿಸಬೇಕು. ಅಮೆರಿಕದ 1975ರ ಮ್ಯಾಗ್ನಸನ್–ಮಾಸ್ ಕಾಯಿದೆಯಂತೆ ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ಇಡೀ ವಾರಂಟಿ ರದ್ದಾಗುವುದಿಲ್ಲ, ಆದರೆ ಆ ಭಾಗದಿಂದಲೇ ಆದ ಹಾನಿಗೆ ಪರಿಹಾರ ನಿರಾಕರಿಸಬಹುದು. ಇದೇ ಕ್ರಮವನ್ನು ತಮ್ಮ ಕಾರಿಗೆ ಅನ್ವಯಿಸಬೇಕೆಂದಿರುವ ಕರ್ನಾಟಕದ ಓದುಗರು ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯನ್ನು ನೆನಪಿನಲ್ಲಿಡಬೇಕು. ತಯಾರಕರು ನಮೂದಿಸಿದ ವಿವರಗಳಿಂದ ಬೇರೆಯಾಗುವ ಬದಲಾವಣೆಗೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಇಲ್ಲಿ ಕಂಪನಿಯೇ ಆ ಮಾಡೆಲ್‌ಗೆ ಅನುಮತಿಸಿದ ರಿಮ್ ಮತ್ತು ಟೈರ್ ಅಳತೆಗಳೊಳಗೆ ಉಳಿಯುವುದು ಕ್ಷೇಮ. ಕಾನೂನು ಬಿಟ್ಟರೂ ನಮ್ಮ ರಸ್ತೆಯುಬ್ಬುಗಳಿವೆ: ಭಾರತೀಯ ರಸ್ತೆ ಕಾಂಗ್ರೆಸ್ ಸೂಚಿಸಿದ ಉಬ್ಬಿನ ಎತ್ತರವೇ 10 ಸೆಂ.ಮೀ., ಊರವರು ತಾವೇ ಹಾಕಿಕೊಂಡ ಉಬ್ಬುಗಳಿಗೆ ಯಾವ ಲೆಕ್ಕವೂ ಇಲ್ಲ.

ಜೋಡಿಸುವ ಮೊದಲು ಒಂದು ಪರೀಕ್ಷೆ

ನಾಲ್ಕು ರಿಮ್‌ಗಳು ಮನೆಗೆ ಬಂದ ಕೂಡಲೇ ಟೈರ್ ಹಾಕಿಸಲು ಓಡಬೇಡಿ. ಒಮ್ಮೆ ಟೈರ್ ಕೂರಿಸಿದ ರಿಮ್ಮನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬರೀ ರಿಮ್ಮನ್ನು ಮುಂದಿನ ಹಬ್ಬಿಗೆ ಹಾಕಿ, ಎರಡು ನಟ್ ಕೈಯಿಂದ ಬಿಗಿದು ತಿರುಗಿಸಿ ನೋಡಿ. ಕಡ್ಡಿಗಳ ಒಳಮೈ ಬ್ರೇಕ್ ಕ್ಯಾಲಿಪರ್‌ಗೆ ತಾಗಬಾರದು, ನಡುವೆ ಮೂರು ಮಿಲಿಮೀಟರ್‌ನಷ್ಟಾದರೂ ಸಂದಿರಬೇಕು. ಹಿಂದಿನ ಹಬ್ಬಿಗೂ ಹೀಗೆಯೇ ಮಾಡಿ.

ಇದಕ್ಕಿಂತ ದೊಡ್ಡ ಪರೀಕ್ಷೆ, ಸಸ್ಪೆನ್ಶನ್ ಬಿಚ್ಚಿರುವಾಗಲೇ ಮಾಡಬಹುದಾದದ್ದು. ಹೊಸ ಸ್ಟ್ರಟ್ಟನ್ನು ಸ್ಪ್ರಿಂಗ್ ಇಲ್ಲದೆ, ಬಂಪ್ ಸ್ಟಾಪ್ ಮಾತ್ರ ಇಟ್ಟು ತಾತ್ಕಾಲಿಕವಾಗಿ ಜೋಡಿಸಿ, ಟೈರ್ ಸಹಿತ ಚಕ್ರ ಹಾಕಿ, ಇನ್ನೊಂದು ಜಾಕ್‌ನಿಂದ ಕೆಳಗಿನ ತೋಳನ್ನು ನಿಧಾನವಾಗಿ ಮೇಲಕ್ಕೆತ್ತಿ. ಕಾರಿನ ಭಾರ ಸ್ಟ್ಯಾಂಡ್‌ಗಳ ಮೇಲೆಯೇ ಇರಬೇಕು, ಅದರಿಂದ ಕಾರು ಮೇಲೇಳಬಾರದು. ಮೊದಲೇ ಸ್ಟ್ರಟ್‌ನ ಮೇಲೆ ಮತ್ತು ಫೆಂಡರಿನ ಒಳ ಅಂಚಿನ ಮೇಲೆ ಮಕ್ಕಳಾಡುವ ಬಣ್ಣದ ಜೇಡಿಯ ಸಣ್ಣ ಉಂಡೆಗಳನ್ನು ಅಂಟಿಸಿಡಿ. ಬಂಪ್ ಸ್ಟಾಪ್ ಅರ್ಧ ಅಮುಕುವವರೆಗೆ ಎತ್ತಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಮತ್ತೆ ಇಳಿಸಿ ಉಂಡೆಗಳನ್ನು ನೋಡಿ. ಜೇಡಿ ಎಲ್ಲಿ ಚಪ್ಪಟೆಯಾಗಿದೆಯೋ ಅಲ್ಲಿ ಉಳಿದ ದಪ್ಪವೇ ನಿಮ್ಮ ಸಂದು. ಅದು 5 ಮಿ.ಮೀ.ಗಿಂತ ಕಡಿಮೆಯಿದ್ದರೆ ಎತ್ತರವನ್ನೋ ಟೈರನ್ನೋ ಬದಲಿಸಿ. ಫೆಂಡರ್ ಮತ್ತು ಬಂಪರ್ ಕೂಡುವ ಮೂಲೆ, ಒಳಗಿನ ಪ್ಲಾಸ್ಟಿಕ್ ಹಾಳೆಯ ಮುಂಭಾಗ, ಇವೆರಡನ್ನು ವಿಶೇಷವಾಗಿ ಗಮನಿಸಿ.

ಜೋಡಣೆ

ಕಾರನ್ನು ಮ್ಯಾನುಯಲ್‌ನಲ್ಲಿ ಗುರುತಿಸಿರುವ ಜಾಗಗಳಲ್ಲೇ ಎತ್ತಿ, ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಒಮ್ಮೆ ಕೈಯಿಂದ ಅಲುಗಾಡಿಸಿ ಗಟ್ಟಿಯಾಗಿ ನಿಂತಿದೆಯೆಂದು ಖಚಿತಪಡಿಸಿಕೊಳ್ಳಿ. ಜಾಕ್ ಮೇಲಿರುವ ಕಾರಿನಡಿಗೆ ಎಂದೂ ಹೋಗಬಾರದು. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಹಿಂದಿನ ಸಂಜೆಯೇ ಎಣ್ಣೆ ಸಿಂಪಡಿಸಿಟ್ಟರೆ ಮರುದಿನ ಅರ್ಧ ಶ್ರಮ ಉಳಿಯುತ್ತದೆ.

ಮುಂಭಾಗದಲ್ಲಿ ಮೊದಲು ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರನ್ನು ಸ್ಟ್ರಟ್‌ಗೆ ಹಿಡಿದಿರುವ ಬ್ರಾಕೆಟ್‌ಗಳನ್ನು ಬಿಡಿಸಿ, ಕಾರು ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್‌ನ ಲಿಂಕ್ ಕಳಚಿ. ಸ್ಟ್ರಟ್ ಮತ್ತು ಹಬ್ಬಿನ ತೋಳು ಕೂಡುವಲ್ಲಿ ಬಣ್ಣದ ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ಹಬ್ಬಿನ ಭಾರ ಹೋಸ್ ಮೇಲೆ ನೇತಾಡದಂತೆ ತಂತಿಯಿಂದ ಕಟ್ಟಿ, ಕೆಳಗಿನ ಎರಡು ದಪ್ಪ ಬೋಲ್ಟ್‌ಗಳನ್ನು ತೆಗೆಯಿರಿ. ಕೊನೆಗೆ ಒಬ್ಬರು ಸ್ಟ್ರಟ್ ಹಿಡಿದಿರಲು, ಇನ್ನೊಬ್ಬರು ಬಾನೆಟ್ ಕೆಳಗಿನ ಮೂರು ನಟ್ ಬಿಚ್ಚಬೇಕು. ಮೂರು ನಟ್‌ಗಳ ನಡುವೆ ಇರುವ ದೊಡ್ಡ ನಟ್ಟನ್ನು ಮಾತ್ರ ಈ ಹಂತದಲ್ಲಿ ಮುಟ್ಟಬಾರದು. ಅಮುಕಿದ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಅದೇ, ಸಡಿಲಿಸಿದರೆ ಸ್ಪ್ರಿಂಗ್ ಸಿಡಿದು ಪ್ರಾಣಕ್ಕೇ ಅಪಾಯವಾಗಬಹುದು.

ಬರೀ ಸ್ಪ್ರಿಂಗ್ ಬದಲಿಸುವವರಿಗೆ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಎರಡೂ ಬದಿಯ ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ, ಗನ್ ಬಳಸದೆ ಕೈಯಿಂದಲೇ ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ತಿರುಗಿಸುತ್ತ, ಮೇಲಿನ ಆಸನದಿಂದ ಸ್ಪ್ರಿಂಗ್ ಸಡಿಲವಾಗುವವರೆಗೆ ಅಮುಕಿ. ಆಗ ನಡುವಿನ ನಟ್ ತೆಗೆಯಬಹುದು. ಹೊಸ ಸ್ಪ್ರಿಂಗಿನ ತುದಿ ಕೆಳಗಿನ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ಒರಗಿರಬೇಕು. ಈ ಸಾಧನ ಬಳಸಿ ರೂಢಿಯಿಲ್ಲದವರು ಸ್ಟ್ರಟ್ಟನ್ನು ಗ್ಯಾರೇಜಿಗೆ ಒಯ್ದು ಈ ಒಂದು ಕೆಲಸವನ್ನು ಮಾಡಿಸಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಹಿಂಭಾಗ ಸುಲಭ. ಡಿಕ್ಕಿಯ ಒಳಹೊದಿಕೆಯನ್ನು ಸರಿಸಿದರೆ ಶಾಕ್‌ನ ಮೇಲಿನ ನಟ್‌ಗಳು ಕಾಣುತ್ತವೆ. ಆಂಟಿ ರೋಲ್ ಬಾರ್ ಲಿಂಕ್ ಮತ್ತು ಕೆಳಗಿನ ಬೋಲ್ಟ್ ತೆಗೆದು ತೋಳನ್ನು ಕೆಳಕ್ಕೆ ಒತ್ತಿದರೆ ಶಾಕ್ ಹೊರಬರುತ್ತದೆ. ಹಿಂದೆ ಜೋಡಿಸುವಾಗ ಗಮನಿಸಬೇಕಾದದ್ದು ರಬ್ಬರ್ ಬುಶ್ ಇರುವ ಬೋಲ್ಟ್‌ಗಳನ್ನು. ಕಾರು ಗಾಳಿಯಲ್ಲಿ ನೇತಾಡುತ್ತಿರುವಾಗ ಅವನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅವನ್ನು ಸಡಿಲವಾಗಿ ಬಿಟ್ಟು, ತೋಳಿನಡಿ ಜಾಕ್ ಇಟ್ಟು ಹಬ್ಬಿನಿಂದ ಫೆಂಡರಿಗೆ ಉದ್ದೇಶಿಸಿದ ಎತ್ತರ ಬರುವವರೆಗೆ ಎತ್ತಿ, ಆಗ ವರ್ಕ್‌ಶಾಪ್ ಮ್ಯಾನುಯಲ್ ಹೇಳುವ ಟಾರ್ಕ್‌ಗೆ ಬಿಗಿಯಿರಿ.

ಚಕ್ರ ಹಾಕುವ ಮೊದಲು ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಸ್ಟಡ್‌ಗಳಿಗೆ ಗ್ರೀಸ್ ಅಥವಾ ಎಣ್ಣೆ ಹಚ್ಚಬಾರದು, ಹಚ್ಚಿದರೆ ಟಾರ್ಕ್ ವ್ರೆಂಚ್ ಸರಿಯಾದ ಅಂಕಿ ತೋರಿಸಿದರೂ ಸ್ಟಡ್ ಮೇಲಿನ ಎಳೆತ ಅತಿಯಾಗುತ್ತದೆ. ನಟ್‌ಗಳನ್ನು ಬೆರಳಿನಿಂದ ಶುರುಮಾಡಿ, ಕಾರನ್ನು ಇಳಿಸಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ ಎರಡು ಹಂತಗಳಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಅಮೆರಿಕದ ಕಾರುಗಳಲ್ಲಿ ಪ್ರತಿ ಚಕ್ರದೊಳಗೂ ಗಾಳಿಯ ಒತ್ತಡದ ಸೆನ್ಸರ್ ಇರುತ್ತದೆ. ಹೊಸ ರಿಮ್‌ಗಳಿಗೆ ಅವನ್ನು ವರ್ಗಾಯಿಸದಿದ್ದರೆ ಡ್ಯಾಶ್‌ಬೋರ್ಡಿನ ದೀಪ ಆರುವುದಿಲ್ಲ.

ಅಲೈನ್‌ಮೆಂಟ್

ಇದನ್ನು ಬಿಟ್ಟರೆ ಮೇಲಿನದ್ದೆಲ್ಲ ವ್ಯರ್ಥ. ಕಾರ್ಖಾನೆಯಿಂದ ಬರುವಾಗ ಈ ಕಾರಿನ ಮುಂಚಕ್ರಗಳ ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರದ ಓರೆ, ಶೂನ್ಯಕ್ಕೆ ಹತ್ತಿರ. ಹಿಂದೆ ಮೈನಸ್ ಒಂದು ಡಿಗ್ರಿಗಿಂತ ತುಸು ಹೆಚ್ಚು. ಕಾರನ್ನು ಇಳಿಸಿದಾಗ ಡಬಲ್ ವಿಶ್‌ಬೋನ್ ಇರುವ ಹಿಂಚಕ್ರಗಳು ಇನ್ನಷ್ಟು ಒಳಗೆ ವಾಲುತ್ತವೆ, ಮುಂಚಕ್ರಗಳು ಅಷ್ಟಾಗಿ ವಾಲುವುದಿಲ್ಲ. ಪರಿಣಾಮವಾಗಿ ಹಿಂದಿನ ಹಿಡಿತ ಹೆಚ್ಚಾಗಿ ಮುಂದಿನದು ಹಿಂದುಳಿದು, ಚುರುಕಾಗಿ ತಿರುಗುತ್ತಿದ್ದ ಕಾರು ತಿರುವಿನಲ್ಲಿ ಹೊರಕ್ಕೆ ಜಾರತೊಡಗುತ್ತದೆ. ಇಳಿಸಿದ ಮೇಲೆ ಕಾರು ಮಂದವಾಯಿತೆಂದು ದೂರುವವರಲ್ಲಿ ಅನೇಕರ ಸಮಸ್ಯೆ ಇದೇ. ಮುಂದೆ ಕ್ಯಾಂಬರ್ ಬೋಲ್ಟ್ ಹಾಕಿ ಮೈನಸ್ 1ರಿಂದ ಮೈನಸ್ 1.5 ಡಿಗ್ರಿಗೆ ತನ್ನಿ. ಹಿಂದಿನ ಕ್ಯಾಂಬರ್ ಮೈನಸ್ 2 ದಾಟಿದ್ದರೆ ಹೊಂದಿಸಬಲ್ಲ ಕೆಳತೋಳುಗಳು ಬೇಕಾಗುತ್ತವೆ. ಅವುಗಳ ಖರ್ಚನ್ನು ಸ್ಪ್ರಿಂಗ್ ಕೊಳ್ಳುವಾಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಟೈರನ್ನು ಬೇಗ ತಿನ್ನುವುದು ಕ್ಯಾಂಬರ್‌ಗಿಂತ ಹೆಚ್ಚಾಗಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಒಳಮುಖ ಅಥವಾ ಹೊರಮುಖ ಓರೆ. ಎತ್ತರ ಬದಲಾದಾಗ ಇದೂ ಬದಲಾಗುತ್ತದೆ. ಮುಂದೆ ಶೂನ್ಯ, ಹಿಂದೆ ಒಟ್ಟು 0.1ರಿಂದ 0.2 ಡಿಗ್ರಿ ಒಳಮುಖ ಇಡುವುದು ರಸ್ತೆಗೆ ಒಪ್ಪುತ್ತದೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಪರದೆಯ ಅಂಕಿ ಹಸಿರಾದರೆ ಸಾಕೆಂದು ಬಿಟ್ಟುಬಿಡುತ್ತಾರೆ, ಆದರೆ ಕಾರ್ಖಾನೆಯ ಹಸಿರು ವಲಯ ಬಹಳ ಅಗಲವಾದದ್ದು. ನಿಮಗೆ ಬೇಕಾದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, ಕೆಲಸ ಮುಗಿದ ಮೇಲೆ ಮುದ್ರಿತ ವರದಿ ಕೇಳಿ ಪಡೆಯಿರಿ.

ಹೊಸ ಸ್ಪ್ರಿಂಗ್‌ಗಳು ಮೊದಲ ಕೆಲವು ವಾರಗಳಲ್ಲಿ ಇನ್ನೂ ಒಂದಿಷ್ಟು ಕೂರುತ್ತವೆ, ಹೀಗಾಗಿ ಜೋಡಿಸಿದ ಕೂಡಲೇ ಒಮ್ಮೆ, ಎತ್ತರ ಸ್ಥಿರವಾದ ಬಳಿಕ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಬೇಕು. ಚಕ್ರದ ನಟ್‌ಗಳನ್ನು 80ರಿಂದ 100 ಕಿ.ಮೀ. ಓಡಿದ ಮೇಲೆ ಟೈರ್ ತಣ್ಣಗಿರುವಾಗ ಮತ್ತೆ ಟಾರ್ಕ್ ವ್ರೆಂಚ್‌ನಿಂದ ಪರೀಕ್ಷಿಸಿ. ಹೆಡ್‌ಲೈಟ್ ಬೀಳುವ ಎತ್ತರವನ್ನು ಗೋಡೆಯೆದುರು ನಿಲ್ಲಿಸಿ ಹೊಂದಿಸಿ. ಮೊದಲ ತಿಂಗಳು ವಾರಕ್ಕೊಮ್ಮೆ ಟಾರ್ಚ್ ಹಿಡಿದು ಫೆಂಡರಿನ ಒಳಹಾಳೆ, ಬ್ರೇಕ್ ಹೋಸ್ ಮತ್ತು ಟೈರಿನ ಒಳಭುಜವನ್ನು ನೋಡುತ್ತಿರಿ. ಒಳಹಾಳೆಯ ಮೇಲೆ ಹೊಳಪು ಗೆರೆ ಮೂಡಿದ್ದರೆ ಟೈರ್ ಅಲ್ಲಿ ತಾಗುತ್ತಿದೆ ಎಂದರ್ಥ. ಕಾಯ್ಲೋವರ್ ಇದ್ದರೆ ಐದು ಮಿಲಿಮೀಟರ್ ಏರಿಸಿ, ಸ್ಪ್ರಿಂಗ್ ಮಾತ್ರ ಬದಲಿಸಿದ್ದರೆ ಬಂಪ್ ಸ್ಟಾಪ್ ಮತ್ತು ಟೈರ್ ಅಗಲವನ್ನು ಮರುಪರಿಶೀಲಿಸಿ. ಹಳೆಯ ಸ್ಪ್ರಿಂಗ್, ಶಾಕ್ ಮತ್ತು ರಿಮ್‌ಗಳನ್ನು ಮಾರಿಬಿಡದೆ ಇಟ್ಟುಕೊಳ್ಳಿ, ಕಾರು ಮಾರುವಾಗ ಅವುಗಳ ಸಮೇತ ಕೊಟ್ಟರೆ ಕೊಳ್ಳುವವರು ಬೆಲೆ ಇಳಿಸಲು ಹೆಚ್ಚು ಚೌಕಾಸಿ ಮಾಡುವುದಿಲ್ಲ.